ಮಿಟಾರನ ವಂಶವೂ ಗಂಡು ಪಚ್ಚಿಲೆಯೂ

ಎಷ್ಟು ಮಕ್ಕಳೆಂದು ಕೇಳಿದರೆ ಮಿಟಾರ್, "ಮಕ್ಕಳಿಲ್ಲ, ಒಬ್ಬಳು ಮಗಳಿದ್ದಾಳೆ" ಎನ್ನುತ್ತಿದ್ದ. ಆ ಮಗಳು ಯಾಗ್ಲಿಕಾ ಪಕ್ಕದಲ್ಲೇ ನಿಂತು, ಕೊಟೊರ್ ಕೊಲ್ಲಿಗೆ ಇಳಿಬಿಟ್ಟ ಹಗ್ಗಗಳಲ್ಲಿ ಬೆಳೆದ ಪಚ್ಚಿಲೆ ಎಂಬ ತಿನ್ನುವ ಚಿಪ್ಪುಜೀವಿಗಳನ್ನು ಕಿತ್ತು ತೊಳೆಯುತ್ತಿದ್ದಳು. ಸೊಂಟ ಹಿಡಿದುಹೋದ ಮಿಟಾರ್ ದಡದ ಕುರ್ಚಿಯಲ್ಲಿ ಕೂತು ಅಪ್ಪ, ಅಜ್ಜ, ಮುತ್ತಜ್ಜ ಎಂದು ವಂಶದ ಗಂಡಸರ ಹೆಸರು ಒಪ್ಪಿಸುತ್ತಿದ್ದ. ಟರ್ಕರ ಕಾಲದವರೆಗೂ ಒಂದೂ ತಪ್ಪುತ್ತಿರಲಿಲ್ಲ. ಪಕ್ಕದ ಮನೆಗೆ ಸೊಸೆಯಾಗಿ ಬಂದ ನನಗೂ ಅದು ಬಾಯಿಪಾಠವಾಗಿತ್ತು, ನನ್ನ ಕರ್ಮ.

ಪಚ್ಚಿಲೆ ಸಾಕಣೆಯನ್ನು ಅವನು ತಮ್ಮನ ಮಗ ವೆಸ್ಕೊನಿಗೆ ಬಿಡುವವನಿದ್ದ. ಕಟ್ಟಿಹಾಕಿದ ದೋಣಿಯಲ್ಲಿ ಕೂತರೂ ವಾಂತಿ ಮಾಡಿಕೊಳ್ಳುವ ಹುಡುಗ ಅವನು. ಆದರೆ ಗಂಡು. ಯಾಗ್ಲಿಕಾ ಜಗಳಕ್ಕೆ ನಿಂತರೆ, "ನೀನು ಇವತ್ತಲ್ಲ ನಾಳೆ ಬೇರೆ ಮನೆಗೆ ಹೋಗೋಳು" ಎನ್ನುತ್ತಿದ್ದ. ಅವಳಿಗಾಗಲೇ ನಲವತ್ತೈದು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಶರತ್ಕಾಲದಲ್ಲಿ ಕಡಲಜೀವಿಗಳನ್ನು ಓದಿಕೊಂಡ ಒಲಿವೆರಾ ಎಂಬ ಡಾಕ್ಟರಮ್ಮ ಪರೀಕ್ಷೆಗೆಂದು ಪಚ್ಚಿಲೆ ಒಯ್ಯಲು ಬಂದಳು. ಮಾತಿಗೆ ಮಾತು ಬಂದು, ಜೀವಕೋಶದೊಳಗೆ ಮೈಟೊಕಾಂಡ್ರಿಯಾ ಎಂಬ ಪುಟ್ಟ ಒಲೆಗಳಿವೆ, ಅವಕ್ಕೆ ತಮ್ಮದೇ ವಂಶವಾಹಿ ಇದೆ, ಗಂಡು ಪಚ್ಚಿಲೆ ತನ್ನದನ್ನು ಗಂಡುಮಕ್ಕಳಿಗಷ್ಟೇ ದಾಟಿಸುತ್ತದೆ ಎಂದಳು. ಮುಂದಿನದನ್ನು ಕೇಳುವ ವ್ಯವಧಾನ ಮಿಟಾರನಿಗೆಲ್ಲಿ? ಸೊಂಟನೋವು ಮರೆತು ಕಾಫಿ ಅಂಗಡಿಗೆ ಓಡಿದ.

"ಕೇಳ್ರೋ! ಚಿಪ್ಪಿನೊಳಗಿನ ಹುಳಕ್ಕೂ ಗೊತ್ತು, ವಂಶ ಅಂದ್ರೆ ಅಪ್ಪನಿಂದ ಮಗನಿಗೆ!"

"ಮತ್ತೆ ಗಿರಾಕಿಗಳೆಲ್ಲ ಕಿತ್ತಳೆ ಬಣ್ಣದ ಹೆಣ್ಣು ಪಚ್ಚಿಲೆನೇ ಯಾಕೆ ಕೇಳ್ತಾರೆ?" ಎಂದ ಅಂಗಡಿಯವನು.

"ರುಚಿ ಬೇರೆ, ವಂಶ ಬೇರೆ ಕಣಯ್ಯಾ."

ಸಂತ ನಿಕೊಲಾನ ದಿನ ಅವರ ಮನೆತನದ ಹಬ್ಬ. ಪಚ್ಚಿಲೆ ಸಾಕಣೆ ವೆಸ್ಕೊನಿಗೆ ಎಂದು ಸಾರಲು ಅದೇ ಮುಹೂರ್ತ. ಮೇಜಿನ ಸುತ್ತ ಗಂಡಸರು, ಅವರ ನಡುವೆ ಮಿಟಾರ್ ಕರೆಸಿದ ಡಾಕ್ಟರಮ್ಮ, ಮೀನಿನ ತಟ್ಟೆ ಹೊತ್ತು ಓಡಾಡಲು ಯಾಗ್ಲಿಕಾ ಮತ್ತು ನಾನು. ಮಿಟಾರ್ ರಾಕಿಯಾ ಸಾರಾಯಿ ತುಂಬಿದ ಲೋಟ ಎತ್ತಿದ. ವಂಶದ ಬೇರಿಗೆಂದು ಎತ್ತಿದ ಲೋಟವನ್ನು ಆ ಬೇರಾದ ಹಿರಿಯರ ಹೆಸರು ಹೇಳದೆ, ಕುಡಿಯದೆ ಕೆಳಗಿಡುವಂತಿಲ್ಲ, ಅದು ಪದ್ಧತಿ.

"ಡಾಕ್ಟರಮ್ಮಾ, ನಂಗೆ ಹೇಳಿದ್ದನ್ನ ಇವರಿಗೂ ಹೇಳಿ."

ಅವಳು ಹೇಳಿದಳು. ಗಂಡಸರು ಮೇಜು ಗುದ್ದಿದ ರಭಸಕ್ಕೆ ತಟ್ಟೆಗಳು ಕುಣಿದವು. ಗದ್ದಲ ಇಳಿದ ಮೇಲೆ ಅವಳೇ ಮುಂದುವರಿಸಿದಳು: "ಅದು ಪಚ್ಚಿಲೆ ಸಂಗತಿ. ಮನುಷ್ಯರಲ್ಲಿ ಹಾಗಿಲ್ಲ ಮಿಟಾರ್ ಮಾವ. ಗಂಡಾಗ್ಲಿ ಹೆಣ್ಣಾಗ್ಲಿ, ಆ ಒಲೆ ಬರೋದು ತಾಯಿಯಿಂದ. ಅಪ್ಪನದು ಅಪ್ಪನ ಜೊತೆಗೇ ಆರಿಹೋಗುತ್ತೆ."

"ಹಂಗಾದ್ರೆ ನನ್ನೊಳಗೆ ಉರೀತಿರೋದು ಯಾರದ್ದು?"

"ನಿಮ್ಮಮ್ಮಂದು. ಅವರಿಗೆ ಅವರಮ್ಮಂದು. ಅವರಿಗೆ ಅವರಮ್ಮಂದು. ಹೇಳಿ, ಆ ಬೇರಿನ ಹೆಸರೇನು?"

ಮಿಟಾರ್ ಬಾಯಿ ತೆರೆದ. ಟರ್ಕರನ್ನು ಅಟ್ಟಿದವರ ಹೆಸರುಗಳು ನಾಲಿಗೆ ತುದಿಯಲ್ಲಿದ್ದವು, ತಾಯಿಯ ಅಜ್ಜಿಯ ಹೆಸರಿರಲಿಲ್ಲ. ಅತ್ತಿತ್ತ ನೋಡಿದ. ಎಲ್ಲರೂ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿದ್ದರು. ಕೊನೆಗೆ ಅಡುಗೆಮನೆಯ ಬಾಗಿಲತ್ತ ತಿರುಗಿ, "ಯಾಗ್ಲಿಕಾ, ನಿನ್ನಜ್ಜಿ, ನಮ್ಮಮ್ಮ, ಏನಾದ್ರೂ ಹೇಳಿದ್ಲಾ? ಅವಳಜ್ಜಿ ಹೆಸರು?" ಎಂದ.

"ಹೇಳಿದ್ಲು."

"ಏನು?"

"ಮೊದ್ಲು ಪಚ್ಚಿಲೆ ಯಾರಿಗೆ ಅಂತ ಹೇಳಪ್ಪ. ಆಮೇಲೆ ಹೆಸರು."

ವೆಸ್ಕೊ ಕೆಮ್ಮಿದ. ಮಿಟಾರ್ ಲೋಟ ನೋಡಿದ, ನೆಂಟರನ್ನು ನೋಡಿದ, ಮಗಳನ್ನು ನೋಡಿದ. ಹಬ್ಬದ ದಿನ ಬೇರಿಲ್ಲದವನೆನಿಸಿಕೊಳ್ಳುವುದು ಅವನಿಂದಾಗಲಿಲ್ಲ.

"ನಿನಗೇ ಕಣೇ ಮಾರಾಯ್ತಿ! ಎಲ್ಲರ ಮುಂದೆ ಹೇಳ್ತಿದೀನಿ, ನಿನಗೇ!"

"ಕ್ರುನಾ" ಎಂದಳು ಯಾಗ್ಲಿಕಾ.

"ಕ್ರುನಾ!" ಎಂದು ಗಂಡಸರೆಲ್ಲ ಎದ್ದು ನಿಂತು ಕುಡಿದರು. ಮಿಟಾರನ ಕಣ್ಣಲ್ಲಿ ನೀರು ತುಂಬಿತು. ನಾಚಿಕೆಯೋ ರಾಕಿಯಾದ ಖಾರವೋ, ದೇವರೇ ಬಲ್ಲ.

ಪಾತ್ರೆ ತೊಳೆಯುವಾಗ ನಾನು ಯಾಗ್ಲಿಕಾಳಿಗೆ, "ಪುಣ್ಯಕ್ಕೆ ನಿನಗಾದ್ರೂ ನೆನಪಿತ್ತಲ್ಲೇ" ಎಂದೆ. ಅವಳು ತಟ್ಟೆ ಉಜ್ಜುತ್ತಲೇ ಇದ್ದಳು.

"ನಂಗೆಲ್ಲಿ ಗೊತ್ತಕ್ಕಾ? ಬಾಯಿಗೆ ಬಂದ ಹೆಸರು ಹೇಳ್ದೆ. ಅಲ್ಲ ಅನ್ನೋಕೆ ಅಲ್ಲಿ ಯಾರಿದ್ರು?"