ಯಾಕೋಬ್ ಬಿಟ್ಟುಹೋದ ಊರು

ಜರ್ಮನಿಯ ಸಿಂಡೆಲ್‌ಫಿಂಗೆನ್‌ನಿಂದ ಬೆಳಿಗ್ಗೆ ಏಳೂವರೆಯ ರೈಲು ಹಿಡಿದೆ. ತಿಂಗಳ ಪಾಸ್ ಇದ್ದುದರಿಂದ ಟಿಕೆಟ್ಟಿನ ಗೊಡವೆ ಇರಲಿಲ್ಲ. ಚೀಲದಲ್ಲಿ ನಾಲ್ಕು ಚಪಾತಿ, ಉಪ್ಪಿನಕಾಯಿ ಮತ್ತು ಕ್ಯಾರಲ್ ತನ್ನ ಮನೆತನದ ವಿಷಯ ಬರೆದಿಟ್ಟ ನೋಟುಪುಸ್ತಕ ಇದ್ದವು.

ಕ್ಯಾರಲ್ ನನ್ನ ಹೆಂಡತಿ. ಅಮೆರಿಕದ ಅಯೋವಾದಲ್ಲಿ ಮೆಕ್ಕೆಜೋಳದ ಹೊಲಗಳ ನಡುವೆ ಹುಟ್ಟಿದವಳು. ಹೋದ ವರ್ಷ ತೀರಿಕೊಂಡಳು. ಅವಳ ಮುತ್ತಜ್ಜನ ತಂದೆ ಯಾಕೋಬ್ ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಸೀಮೆಯ ಓಬರ್‌ಲಿಂಡಾಖ್ ಎಂಬ ಹಳ್ಳಿಯಿಂದ ಹೊರಟು, ಹಡಗು ಹತ್ತಿ, ಅಯೋವಾದ ಹುಲ್ಲುಗಾವಲನ್ನು ಉತ್ತು ಬೇಸಾಯ ಹೂಡಿದವನು. ಅವನು ತಬ್ಬಲಿ, ಹಿಂದೆಮುಂದೆ ಯಾರೂ ಇರಲಿಲ್ಲ ಎಂದು ಅವರ ಮನೆಯಲ್ಲಿ ಹೇಳುತ್ತಿದ್ದರು. ಆ ಹಳ್ಳಿ ನಮ್ಮ ಮನೆಯಿಂದ ಎರಡೂವರೆ ಗಂಟೆಯ ದಾರಿ. ಹೋಗಿಬರೋಣ ಎನ್ನುತ್ತಲೇ ಹನ್ನೊಂದು ವರ್ಷ ಕಳೆದುಬಿಟ್ಟೆವು.

ಡ್ರೆಸ್ಡೆನ್‌ನಲ್ಲಿ ಓದುವ ಮಗಳು ನಿಧಿಯನ್ನು ಕರೆದಿದ್ದೆ. ಪರೀಕ್ಷೆ ಇದೆ ಎಂದು ಜರ್ಮನ್‌ನಲ್ಲಿ ಮೆಸೇಜ್ ಕಳಿಸಿದಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಜರ್ಮನ್‌ನಲ್ಲೇ ಉತ್ತರಿಸುವುದು. ಅಮ್ಮ ಹೋದ ಮೇಲೆ ಆ ಉತ್ತರಗಳೂ ಚಿಕ್ಕವಾಗಿದ್ದವು.

ಸ್ಟುಟ್‌ಗಾರ್ಟಿನಲ್ಲಿ ರೈಲು ಬದಲಿಸಿ, ಕೊನೆಯ ಹದಿನಾಲ್ಕು ಕಿಲೋಮೀಟರನ್ನು ಬಸ್ಸಿನಲ್ಲಿ ಹೋದೆ. ಗುಡ್ಡ ಏರಿದಂತೆ ಮಂಜು ದಟ್ಟವಾಯಿತು. ಊರಿನಲ್ಲಿ ಇಳಿದವನು ನಾನೊಬ್ಬನೇ. ಬೇಕರಿ ಮುಚ್ಚಿತ್ತು. ಚರ್ಚಿನ ಗೋಡೆಗೆ ಒರಗಿ ನಿಂತೇ ಎರಡು ಚಪಾತಿ ತಿಂದೆ.

ಚರ್ಚಿನ ಕಚೇರಿಯ ಹೆಂಗಸಿಗೆ ಮೊದಲೇ ಪತ್ರ ಬರೆದಿದ್ದೆ. ಅರವತ್ತು ದಾಟಿದ ಆಕೆ ಎರಡು ದಪ್ಪ ದಫ್ತರಗಳನ್ನು ತೆಗೆದಿಟ್ಟಿದ್ದರು. ಹಳೆಯ ಲಿಪಿ ನನಗೆ ಬಾರದು. ಆಕೆ ಬೆರಳಿಟ್ಟು ಓದಿದರು. ಯಾಕೋಬ್, ಮಗ್ಗದವನ ಮಗ. ಹೆಸರಿನ ಮುಂದೆ ಎರಡೇ ಪದ: ಅಮೆರಿಕಕ್ಕೆ ಹೋದನು.

ಆಕೆ ಇನ್ನೊಂದು ದಫ್ತರ ತೆರೆದು ನನ್ನತ್ತ ನೋಡಿದರು. ಯಾಕೋಬ್ ತಬ್ಬಲಿಯಾಗಿರಲಿಲ್ಲ. ಅವನ ತಾಯಿ ಅನ್ನಾ, ವಿಧವೆ, ಅವನು ಹೋದ ಮೇಲೆ ಇಪ್ಪತ್ತೆರಡು ವರ್ಷ ಬದುಕಿದ್ದಳು. ಅವಳ ಸಾವಿನ ದಾಖಲೆಯ ಕೆಳಗೆ ಅಂದಿನ ಪಾದ್ರಿ ಒಂದು ಸಾಲು ಬರೆದಿದ್ದರು. ಆಕೆ ಅದನ್ನು ನಿಧಾನವಾಗಿ ಓದಿದರು: "ಒಬ್ಬ ಮಗ ಅಮೆರಿಕದಲ್ಲಿ. ಇದ್ದಾನೋ ಇಲ್ಲವೋ ತಿಳಿಯದು."

ಕ್ಯಾರಲ್‌ಳ ನೋಟುಪುಸ್ತಕ ತೆಗೆದು ಆ ಸಾಲನ್ನು ಬರೆದುಕೊಂಡೆ. ಇದನ್ನು ಯಾರಿಗೆ ಹೇಳಬೇಕಿತ್ತೋ ಅವಳೇ ಇರಲಿಲ್ಲ.

ಅನ್ನಾಳ ಸಮಾಧಿ ನೋಡಬಹುದೇ ಎಂದು ಕೇಳಿದೆ. ಇಲ್ಲಿ ಸಮಾಧಿಗೂ ಅವಧಿ ಇದೆ, ಅದು ಮುಗಿದರೆ ಜಾಗ ಬೇರೆಯವರಿಗೆ, ಅನ್ನಾಳದು ಯಾವತ್ತೋ ಹೋಗಿದೆ ಎಂದರು. ಆದರೂ ಸ್ಮಶಾನಕ್ಕೆ ಹೋದೆ. ಹಳೆಯ ಭಾಗದಲ್ಲಿ ಹುಲ್ಲು ಕತ್ತರಿಸಿ ಸಮ ಮಾಡಿದ್ದರು. ಯಾರ ಹೆಸರೂ ಇರಲಿಲ್ಲ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಂಚಿನಲ್ಲಿ ನಿಂತೆ.

ಬಸ್ಸಿಗೆ ನಲವತ್ತು ನಿಮಿಷ ಇತ್ತು. ನಿಲ್ದಾಣದಿಂದ ನಿಧಿಗೆ ಫೋನ್ ಮಾಡಿದೆ. ಎತ್ತುವಳೆಂದುಕೊಂಡಿರಲಿಲ್ಲ, ಎತ್ತಿದಳು. ಎಲ್ಲವನ್ನೂ ಹೇಳಿದೆ. 

"ಅವನು ಯಾಕೆ ಲೆಟರ್ ಬರೀಲಿಲ್ಲ, ಪಪ್ಪಾ?" ಎಂದಳು. ಕನ್ನಡದಲ್ಲಿ.

"ಗೊತ್ತಿಲ್ಲ ಮಗಳೇ. ಬರೆಯೋಕೆ ಬರ್ತಿರಲಿಲ್ಲವೋ ಏನೋ. ಇಲ್ಲಾ, ನಾಳೆ ಬರೆದರಾಯ್ತು ಅಂತ ಬಿಟ್ಟಿರಬೇಕು. ಆಮೇಲೆ ಶುರು ಮಾಡೋದೇ ಕಷ್ಟ."

ಅವಳೆಂದಳು: "ನಾವೂ ಹಾಗೇ ಅಲ್ವಾ? ಮಮ್ಮಿ ಹೋದ್ಮೇಲೆ ನಾವು ಮಾತಾಡೇ ಇಲ್ಲ. ಸೆಮಿಸ್ಟರ್, ವೆದರ್, ಅಷ್ಟೇ."

ಹೌದು ಎಂದೆ. 

ಬಸ್ ಬಂತು. ಹಿಂದಿನ ಸೀಟಿನಲ್ಲಿ ಕುಳಿತೆ. ತಿರುವುಗಳಲ್ಲಿ ಚರ್ಚಿನ ಗೋಪುರ ಎರಡು ಸಲ ಕಂಡಿತು. ಆಮೇಲೆ ಸೇಬಿನ ತೋಟಗಳು ಅದನ್ನು ಮರೆಮಾಡಿದವು. ನಿಧಿ ಫೋನ್ ಇಟ್ಟಿರಲಿಲ್ಲ. ಅವಳ ಉಸಿರು ಕೇಳುತ್ತಿತ್ತು. ನಾನೂ ಇಡಲಿಲ್ಲ.