ಅಜ್ಜಿಯ ಬಾಯಲ್ಲಿದ್ದ ಬಿತ್ತನೆ ಬೀಜ

ಮನೆ ಭಾಗವಾದಾಗ ಕೊಳವೆಬಾವಿಯ ಹೊಲ ದೊಡ್ಡಪ್ಪನಿಗೆ ಹೋಯಿತು. ಮಳೆ ನಂಬಿದ ಹೊಲದ ಜೊತೆ ಅಜ್ಜಿ ನಮಗೆ ಬಂದಳು.

ನಾನು ಎಂಟನೇ ತರಗತಿ ಮುಗಿಸಿದ್ದ ಬೇಸಿಗೆ ಅದು. ಮನೆಯಲ್ಲಿ ದಿನಾ ಏನು ಬೆಂದಿತೆಂದು ತಾರೀಖು ಹಾಕಿ ಬರೆದಿಡುತ್ತಿದ್ದೆ. ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ ಬರೆಯುವುದು ಸುಲಭವಾಯಿತು. ಮುದ್ದೆ ನಿಂತು ಎರಡು ಹೊತ್ತೂ ಅಂಬಲಿಯಾಗಿತ್ತು. ಸೊಸೈಟಿ ಅಕ್ಕಿ ಮುಗಿದಿತ್ತು, ಹೊಲದ ರಾಗಿ ಅದಕ್ಕೂ ಮೊದಲೇ ಮುಗಿದಿತ್ತು. ಅಟ್ಟದ ಮೇಲೆ ನಮ್ಮ ಬಿತ್ತನೆ ಶೇಂಗಾ ಇತ್ತು, ನಿಜ. ಅದಕ್ಕೆ ಕೈ ಹಾಕಿದರೆ ಮುಂದಿನ ವರ್ಷವೂ ಇದೇ ಗತಿ.

ಬಿ.ಜಿ. ಕೆರೆ ಕಡೆ ಆ ದಿನಗಳಲ್ಲಿ ಹೆಂಗಸರಿಗೆ ಸಿಗುತ್ತಿದ್ದ ಕೆಲಸ ಒಂದೇ, ಇದ್ದವರ ಮನೆಯ ಬಿತ್ತನೆ ಕಾಯಿ ಸುಲಿಯುವುದು. ಅವ್ವ, ಅಜ್ಜಿ ಇಬ್ಬರೂ ದೊಡ್ಡವ್ವನ ಪಡಸಾಲೆಗೆ ಹೋಗುತ್ತಿದ್ದರು. ತಲೆಗೆ ಅರ್ಧ ಸೇರು ರಾಗಿ ಕೂಲಿ. ಮಳೆ ಬೀಳುವವರೆಗೆ ನಮ್ಮ ಒಲೆ ಉರಿಯಬೇಕಾದದ್ದು ಆ ರಾಗಿಯಿಂದಲೇ.

ಬೆರಳು ಸೋತಾಗ ಕಾಯನ್ನು ಹಲ್ಲಿನಿಂದ ಒಡೆಯುವುದು ವಾಡಿಕೆ. ಅದಕ್ಕೇ ಸಂಜೆ ಎಲ್ಲರೂ ಬಾಯಿ ಮುಕ್ಕಳಿಸಿ ಅಂಗಳದ ಕರಿಕಲ್ಲಿನ ಮೇಲೆ ಉಗಿಯಬೇಕಿತ್ತು. ನೀರು ಬೆಳ್ಳಗೆ ಬಿದ್ದರೆ ಕಾಳು ತಿಂದಿದ್ದಾಳೆಂದು ಲೆಕ್ಕ, ಆ ದಿನದ ರಾಗಿ ಇಲ್ಲ. ಅಜ್ಜಿಗೆ ಹಲ್ಲೇ ಇರಲಿಲ್ಲವಾದ್ದರಿಂದ ಅವಳನ್ನು ಮಾತ್ರ ಬಿಟ್ಟಿದ್ದರು.

ಒಂದು ಸಂಜೆ ಪುಟ್ಟ ತಮ್ಮನನ್ನು ಎತ್ತಿಕೊಂಡು ಇಬ್ಬರನ್ನೂ ಕರೆತರಲು ಹೋದೆ. ಅಜ್ಜಿ ರಾಗಿಗೆ ಸೆರಗೊಡ್ಡಿ ನಿಂತಿದ್ದಳು.

"ಯಾಕತ್ತೆ, ಆಗ್ಲಿಂದ ನನ್ನ ಒಂದ್ಸಲಾನೂ ಬೈದಿಲ್ಲ? ಹುಷಾರಿಲ್ವಾ?" ಎಂದಳು ದೊಡ್ಡವ್ವ. ಹೆಂಗಸರು ನಕ್ಕರು. ಅಜ್ಜಿ ಸುಮ್ಮನೆ ತಲೆಯಾಡಿಸಿದಳು.

"ಬಾಯಿ ತೆಗೀರಿ."

"ಅಕ್ಕಾ, ವಯಸ್ಸಾದೋಳು, ಬಿಡು" ಎಂದಳು ಅವ್ವ.

"ನಿಂಗೂ ರಾಗಿ ಬ್ಯಾಡೇನು?"

ಅವ್ವ ಹಿಂದೆ ಸರಿದಳು. ದೊಡ್ಡವ್ವ ಅಜ್ಜಿಯ ಕೆನ್ನೆ ಅದುಮಿದಳು. ಎಂಜಲಲ್ಲಿ ಉಬ್ಬಿದ ಕಾಳುಗಳು ಇಡಿಯಾಗಿ ಅವಳ ಅಂಗೈಗೆ ಬಿದ್ದವು. ನನ್ನ ಸೊಂಟದ ಮೇಲಿದ್ದ ತಮ್ಮ ಕೈ ಚಾಚಿ, "ಅಜ್ಜೀ, ನಂಗೆ" ಎಂದ.

"ಓಹೋ, ಮೊಮ್ಮಗನ ಬುತ್ತಿ ದವಡ್ಯಾಗೇ ಐತೆ!" ಎಂದಳು ಸಾಲಿನಲ್ಲಿದ್ದವಳೊಬ್ಬಳು.

"ಎಂಜಲಾದ ಬೀಜ ಬಿತ್ತಾಕಾಗ್ತದಾ?" ದೊಡ್ಡವ್ವ ಅವನ್ನು ಕೋಳಿಗಳಿಗೆ ಎಸೆದಳು. ಕೆಳಗಿಳಿಯಲು ಒದ್ದಾಡಿದ ತಮ್ಮನನ್ನು ನಾನು ಬಿಗಿಯಾಗಿ ಹಿಡಿದುಕೊಂಡೆ. ಅಜ್ಜಿಯ ಸೆರಗು ಖಾಲಿಯಾಗಿಯೇ ಉಳಿಯಿತು.

"ನಾಳಿಂದ ಇವ್ರು ಬ್ಯಾಡ, ಇವಳ್ನ ಕಳ್ಸು" ಎಂದು ದೊಡ್ಡವ್ವ ನನ್ನ ಕಡೆ ನೋಡಿದಳು. "ಹಲ್ಲಿರೋರೇ ವಾಸಿ. ಉಗುದ್ರೆ ಗೊತ್ತಾಗ್ತದೆ."

ಮಾರನೆಯ ದಿನ ನಾನು ಹೋಗಿ ಅಜ್ಜಿಯ ಜಾಗದಲ್ಲಿ ಕೂತೆ. ಸಂಜೆ ನನ್ನ ಪಾಲಿನ ರಾಗಿಯೂ ಮನೆಗೆ ಬಂತು. ಅವ್ವ ಅಂಬಲಿ ಕಾಸಿ ಮೊದಲು ನನಗೆ ಗಟ್ಟಿಯಾಗಿ ಹಾಕಿದಳು, ಆಮೇಲೆ ತಮ್ಮನಿಗೆ. ಉಳಿದದ್ದಕ್ಕೆ ಒಂದು ಚೊಂಬು ನೀರು ಸುರಿದು ಅಜ್ಜಿಯ ಬಟ್ಟಲಿಗೆ ಬಗ್ಗಿಸಿದಳು.

ಅಜ್ಜಿ ಅದರೊಳಗೆ ಬೆರಳಾಡಿಸಿ ನೋಡಿದಳು. "ಬರೀ ನೀರಲ್ಲೇನೇ ಇದು?"

"ಹಲ್ಲಿಲ್ಲದ ಬಾಯಿಗೆ ಅಷ್ಟೇ ಸಾಕು, ಕುಡೀರಿ" ಎಂದಳು ಅವ್ವ.

ಅಜ್ಜಿ ಕುಡಿದಳು.