ಗಾಡಿ ರಾತ್ರಿ ಯಾವ ದಡದಲ್ಲಿ?

೧೯೯೪ರ ಜುಲೈ ಹನ್ನೊಂದು, ಸೋಮವಾರ, ಬೆಳಿಗ್ಗೆ ಎಂಟು ನಲವತ್ತು. ಆಲ್ಬರಿಯ ವಿಮಾ ಕಚೇರಿಯಲ್ಲಿ ನೋಯೆಲೀನ್ ಪ್ಯಾಜೆಟ್ ಹೀಟರಿನ ಮುಂದೆ ಕೈ ಕಾಯಿಸಿಕೊಳ್ಳುತ್ತಿದ್ದಳು.

ಈಗ ಅಲ್ಲಿ ಕಾಫಿ ಮಾರುತ್ತಾರೆ. ಆಗ ಇಪ್ಪತ್ತಾರು ವರ್ಷ ಆ ಕೌಂಟರು ಅವಳದೇ. ನದಿ ದಾಟಿದರೆ ವೊಡೊಂಗಾ. ಬೇರೆ ರಾಜ್ಯ, ಬೇರೆ ಕಾನೂನು. ಅಲ್ಲಿ ಗಾಡಿಯ ನೋಂದಣಿ ಶುಲ್ಕದಲ್ಲೇ ಅಪಘಾತದ ಗಾಯಾಳುಗಳ ವಿಮೆ ಸೇರಿಹೋಗುತ್ತಿತ್ತು. ಈಚೆ ಅದಕ್ಕೆಂದೇ ಹಸಿರು ಚೀಟಿ ಕೊಳ್ಳಬೇಕು, ಹಳೆಯ ಗಾಡಿಯನ್ನು ವರ್ಷವರ್ಷವೂ ತಪಾಸಣೆಗೆ ಒಯ್ಯಬೇಕು. ಹಾಗಾಗಿ ಈಚೆ ಮನೆ ಮಾಡಿದವರೂ ಆಚೆಯ ಅಕ್ಕನದೋ ಭಾವನದೋ ವಿಳಾಸ ಕೊಟ್ಟು ಕಾರು ಓಡಿಸುತ್ತಿದ್ದರು. ನೋಯೆಲೀನ್‌ಗೆ ಅವರೆಲ್ಲ ಗೊತ್ತು. ಪೇಟೆಯಲ್ಲಿ ಸಿಕ್ಕರೆ, ನಿನ್ನ ಕಾರಿಗೆ ಅತ್ತೆ ಮನೆಯಲ್ಲಿ ನಿದ್ದೆ ಬರುತ್ತದಾ ಎಂದು ಕೆಣಕುವಳು.

ಅಂದು ಬಂದವನು ವೊಡೊಂಗಾದ ಮರ್ವ್ ಟ್ರೆಲೋರ್, ನಿವೃತ್ತ ರೈಲ್ವೆ ಫಿಟ್ಟರ್. ಕಾಂಗರೂಗೆ ಗುದ್ದಿ ಅವನ ಗಾಡಿಯ ಮೂತಿ ಜಜ್ಜಿಹೋಗಿತ್ತು. ಹೆಂಡತಿ ಡಲ್ಸಿ ಆಲ್ಬರಿಯ ಆಸ್ಪತ್ರೆಯಲ್ಲಿ. ಬೆಳಿಗ್ಗೆ ಕೋಳಿಗಳಿಗೆ ಕಾಳು ಹಾಕಲು ಮನೆಗೆ, ಸಂಜೆ ಮತ್ತೆ ಅವಳ ಬಳಿಗೆ ಹೋಗಲು ಅವನಿಗಿದ್ದುದು ಅದೊಂದೇ ಗಾಡಿ. ಪರಿಹಾರ ಬರದಿದ್ದರೆ ರಿಪೇರಿ ಇಲ್ಲ.

ಅರ್ಜಿಯ ಒಂಬತ್ತನೆಯ ಪ್ರಶ್ನೆ: ಗಾಡಿ ರಾತ್ರಿ ಎಲ್ಲಿರುತ್ತದೆ? ಕಂಪನಿಗೆ ತಿಳಿಸದೆ ಬೇರೆ ರಾಜ್ಯದಲ್ಲಿ ತೊಂಬತ್ತು ರಾತ್ರಿ ಮೀರಿದರೆ ಪರಿಹಾರವಿಲ್ಲ.

"ವೊಡೊಂಗಾ ಅಂತ ಬರೀತೀನಿ, ಮರ್ವ್."

"ಬರೀಬೇಡ ಕಣಮ್ಮ. ಡಲ್ಸಿ ಮಲಗಿದಾಗಿಂದ ಗಾಡಿ ಇಲ್ಲೇ, ಆಸ್ಪತ್ರೆ ಗೇಟ್ ಹತ್ರ. ನಾನು ಅವಳ ಪಕ್ಕ ಕುರ್ಚೀಲಿ."

"ಸುಮ್ನಿರಬಾರ್ದಾ ಮಾರಾಯ? ಅರ್ಧ ಊರು ಸುಳ್ಳು ಬರೆಸತ್ತೆ."

"ಊರು ಬರೆಸ್ಕೊಳ್ಲಿ. ನಲವತ್ತು ವರ್ಷ ಬೋಲ್ಟು ಬಿಗಿದಿದೀನಿ. ಬಿಗಿಯಾಗಿದೆ ಅಂತ ಸುಳ್ಳು ಹೇಳಿದ್ರೆ ರೈಲು ಕೇಳತ್ತಾ?"

ಎಷ್ಟು ರಾತ್ರಿ ಎಂದರೆ ಅವನಿಗೆ ತಿಳಿಯದು. ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದಿಟ್ಟ. ಅವಳ ಪಕ್ಕ ಕಳೆದ ರಾತ್ರಿಗೊಂದು ಸಾಲು: ಕಸ್ಟರ್ಡ್ ಎರಡು ಚಮಚ. ಕೋಳಿಗಳನ್ನು ಕೇಳಿದಳು. ನನ್ನನ್ನು ತನ್ನ ಅಣ್ಣ ಅಂದುಕೊಂಡಳು. ತನಗೆ ನೆಗಡಿಯಾಗಿ ಮನೆಯಲ್ಲೇ ಉಳಿದ ರಾತ್ರಿಗಳಿಗೆ ಸಾಲೇ ಇರಲಿಲ್ಲ.

ನೋಯೆಲೀನ್ ಮೆಲ್ಬರ್ನಿನಲ್ಲಿದ್ದ ಕಂಪನಿಯ ಮುಖ್ಯ ಕಚೇರಿಗೆ ಫೋನು ಹಚ್ಚಿದಳು. ಎಷ್ಟು ರಾತ್ರಿ ಎಂದು ಅತ್ತಲಿನವನು ಕೇಳಿದ. ಅವನನ್ನು ಕಾಯಿಸಿ, ಸಾಲಿನ ಮೇಲೆ ಬೆರಳಿಟ್ಟು ಒಮ್ಮೆ ಎಣಿಸಿದಳು, ಕೊನೆಯಿಂದ ಮೊದಲಿಗೆ ಮತ್ತೊಮ್ಮೆ ಎಣಿಸಿದಳು. ಮರ್ವ್ ಟೋಪಿ ಹಿಡಿದು ನೆಲ ನೋಡುತ್ತಿದ್ದ. ಅವನಿಗೂ ಕೇಳಿಸಲೆಂದು ಅವಳು ದನಿ ಎತ್ತರಿಸಿ ಹೇಳಿದಳು:

"ಎಂಬತ್ತಾರು."